ಕಿಟ್ಟೆಲ್ ಎಂಬ ಅಡ್ಡಹೆಸರಿನ ಬೆನ್ನು ಹತ್ತಿ

ಧಾರವಾಡದಲ್ಲಿ ಬೆಳೆದ ನನಗೆ ಕಿಟ್ಟೆಲ್ ಅಂದರೆ ಮೊದಲು ಕಾಲೇಜು, ಆಮೇಲೆ ನಿಘಂಟು. ಜರ್ಮನಿಗೆ ಬಂದು ಕೆಲಸಕ್ಕೆ ಸೇರಿದ ಮೊದಲ ದಿನ ಲ್ಯಾಬಿನಲ್ಲಿ ತೊಡುವ ಬಿಳಿ ನಿಲುವಂಗಿ ಕೈಗಿಟ್ಟು, "ಇದು ನಿಮ್ಮ ಕಿಟ್ಟೆಲ್" ಅಂದರು. ಮೈ ಜುಮ್ಮೆಂದಿತು. ಸುಮಾರು 70,000 ಕನ್ನಡ ಪದಗಳನ್ನು ಒಟ್ಟುಗೂಡಿಸಿ 1894ರಲ್ಲಿ ಅಚ್ಚು ಹಾಕಿಸಿದ ಜರ್ಮನ್ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ಲರ ಹೆಸರು ಎಲ್ಲಿಂದ ಬಂತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅರ್ಥ ಬೇಗ ಸಿಕ್ಕಿತು. ಮಧ್ಯಕಾಲದ ಜರ್ಮನ್ನಿನಲ್ಲಿ 'ಕಿಟೆಲ್' ಅಂದರೆ ಹಗುರವಾದ ಮೇಲಂಗಿ. ಅದನ್ನು ಹೊಲಿಯುವವನಿಗೋ ಯಾವಾಗಲೂ ತೊಡುವವನಿಗೋ ಊರವರು ಇಟ್ಟ ಹೆಸರು ಮನೆತನಕ್ಕೆ ಅಂಟಿಕೊಂಡಿತು. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಅಡ್ಡಹೆಸರುಗಳಿಲ್ಲವೇ, ಹಾಗೆ.

ನಾನು ಎಡವಿದ್ದು ಇಲ್ಲೇ. ನಮ್ಮ ಕಿಟ್ಟೆಲ್ಲರು 1903ರಲ್ಲಿ ತೀರಿಕೊಂಡದ್ದು ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ಅದರ ಹತ್ತಿರದ ಎನಿಂಗೆನ್‌ನಲ್ಲಿ 1853ರಲ್ಲಿ ಹುಟ್ಟಿದವರು ಹೀಬ್ರೂ ಬೈಬಲ್ಲಿನ ವಿದ್ವಾಂಸ ರುಡಾಲ್ಫ್ ಕಿಟ್ಟೆಲ್. ಒಂದೇ ಸೀಮೆ, ಒಂದೇ ಹೆಸರು, ಇಬ್ಬರೂ ಪಂಡಿತರು. ನಾನು ಕಾಗದದ ಮೇಲೆ ಅವರನ್ನು ಒಂದೇ ವಂಶಕ್ಕೆ ಸೇರಿಸಿ ಗೆರೆ ಎಳೆದೇಬಿಟ್ಟೆ. ಆಮೇಲೆ ಹುಟ್ಟೂರು ನೋಡಿದೆ. ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಬಡಗಣ ಸಮುದ್ರದ ಅಂಚಿನ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆಯಲ್ಲಿ, ದೇಶದ ಇನ್ನೊಂದು ತುದಿಯಲ್ಲಿ. ಗೆರೆ ಅಳಿಸಿದೆ. ಅಂಗಿಯ ಹೆಸರು ಹತ್ತೂರಲ್ಲಿ ಹತ್ತು ಸಲ ಹುಟ್ಟಬಲ್ಲದು.

ಪೂರ್ವ ಫ್ರಿಸಿಯಾದ ಕಥೆಯೇ ಬೇರೆ. ಅಲ್ಲಿ ರೈತಾಪಿ ಜನಕ್ಕೆ ನಿಂತ ಅಡ್ಡಹೆಸರೇ ಇರಲಿಲ್ಲ. ಹಾರ್ಮ್‌ನ ಮಗ ಯಾನ್ ಹಾರ್ಮ್ಸ್, ಅವನ ಮಗ ಹಾರ್ಮ್ ಯಾನ್ಸೆನ್. ಅಪ್ಪನ ಹೆಸರು ಇನಿಷಿಯಲ್ ಆಗುವ ನಮ್ಮ ಪದ್ಧತಿಯಂತೆ ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಆ ನಾಡನ್ನು ಫ್ರಾನ್ಸಿಗೆ ಸೇರಿಸಿಕೊಂಡಿದ್ದ ನೆಪೋಲಿಯನ್, 1811ರಲ್ಲಿ ಎಲ್ಲರೂ ಸ್ಥಿರವಾದ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಇಂಥ ಊರಿನಲ್ಲಿ ಪಾದ್ರಿಯಾಗಿದ್ದ ಫರ್ಡಿನಾಂಡರ ಅಪ್ಪನ ಮನೆಗೆ ಕಿಟ್ಟೆಲ್ ಎಂಬ ಹೆಸರು ಇರುವುದನ್ನು ನೋಡಿದಾಗ, ಇದು ಹೊರಗಿಂದ ಬಂದ ಹೆಸರಿನಂತಿದೆ ಎಂದು ನನಗೆ ಅನ್ನಿಸಿತು.

ಹಾಗಾದರೆ ಈ ಹೆಸರು ದಟ್ಟವಾಗಿರುವುದು ಎಲ್ಲಿ? ಟೆಲಿಫೋನ್ ಡೈರೆಕ್ಟರಿಯಿಂದ ಮಾಡಿದ ನಕ್ಷೆಗಳನ್ನು ನಂಬಿ ವಾರಗಟ್ಟಲೆ ಕಳೆದೆ; ಬೇಡ. 1945ರ ನಂತರ ಸಿಲೇಸಿಯಾ (ಈಗ ಬಹುಪಾಲು ಪೋಲೆಂಡಿನಲ್ಲಿದೆ), ಬೊಹೇಮಿಯಾ (ಈಗಿನ ಚೆಕ್ ದೇಶದ ಭಾಗ)ಗಳಿಂದ ಲಕ್ಷಗಟ್ಟಲೆ ಜರ್ಮನ್ನರನ್ನು ಹೊರಹಾಕಿದ್ದರಿಂದ ಹೆಸರುಗಳು ಬೀಜ ಎರಚಿದಂತೆ ಚದುರಿಹೋಗಿವೆ. ಒಂದನೇ ಮಹಾಯುದ್ಧದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದ ಸೈನಿಕರ ಪಟ್ಟಿಗಳೇ ಮೇಲು. ಅವುಗಳಲ್ಲಿ ಹೆಸರಿನ ಪಕ್ಕ ಊರೂ ಇರುತ್ತದೆ, ಚದುರುವ ಮುಂಚಿನ ಚಿತ್ರ ಸಿಗುತ್ತದೆ. ನನ್ನ ಹುಡುಕಾಟ ಪೂರ್ವಕ್ಕೆ, ಸ್ಯಾಕ್ಸನಿ ಮತ್ತು ಸಿಲೇಸಿಯಾ ಕಡೆಗೆ ಹೊರಳಿದ್ದು ಹಾಗೆ.

ಚರ್ಚಿನ ರಿಜಿಸ್ಟರ್ ಓದಲು ಮಾತ್ರ ತಾಳ್ಮೆ ಬೇಕು. ಕುರೆಂಟ್ ಎಂಬ ಹಳೆಯ ಮೋಡಿ ಬರಹದಲ್ಲಿ 'e' ಮತ್ತು 'n' ಅಕ್ಷರಗಳು ಒಂದೇ ಥರ ಕಾಣುತ್ತವೆ. ಹಳೆಯ ಪುಟಗಳಲ್ಲಿ ಹೆಂಗಸರ ಹೆಸರಿಗೆ 'ಇನ್' ಸೇರುತ್ತದೆ: ಕಿಟ್ಟೆಲ್ ಮನೆಯ ಮಗಳು ಕಿಟ್ಟೆಲಿನ್. ಅದನ್ನು ಬೇರೆ ಮನೆತನವೆಂದು ಪಕ್ಕಕ್ಕಿಟ್ಟರೆ ಅರ್ಧ ಕುಟುಂಬವೇ ಕೈಬಿಟ್ಟುಹೋಗುತ್ತದೆ.

ಹೋದ ಬೇಸಿಗೆಯಲ್ಲಿ ಚೆಕ್ ದೇಶದ ಯಿಜೆರಾ ಬೆಟ್ಟಗಳ ಕ್ರಾಸ್ನಾ ಎಂಬ ಹಳ್ಳಿಗೆ ಹೋದೆ. 18ನೇ ಶತಮಾನದಲ್ಲಿ ಡಾಕ್ಟರ್ ಕಿಟ್ಟೆಲ್ ಎಂಬ ಪ್ರಸಿದ್ಧ ವೈದ್ಯ ಬಾಳಿದ ಜಾಗ. ನಮ್ಮ ಕಿಟ್ಟೆಲ್ಲರಿಗೆ ಅವನು ನೆಂಟನೆಂದು ನಾನು ಹೇಳಲಾರೆ, ಆ ಪಾಠ ಕಲಿತಾಗಿದೆ. ಅಲ್ಲಿ ಜರ್ಮನ್ ಮಾತಾಡುತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ 1945ರ ನಂತರ ಹೊರಟುಹೋದರು. ಆ ಜಾಗವನ್ನು ಚೆಕ್ಕರು ಇಂದಿಗೂ ಕರೆಯುವುದು ಕಿಟ್ಟೆಲೋವ್‌ಸ್ಕೊ ಎಂದೇ.