ಲ್ಯಾಪ್‌ಟಾಪ್ ಕೊಳ್ಳುವಾಗ ಮೊದಲು ಬಿಜಾಗರಿ ನೋಡಿ

ಹೋದ ವರ್ಷ ಪರೀಕ್ಷೆಗೆ ಎರಡು ವಾರ ಇದ್ದಾಗ ಮುಧೋಳ ಕಡೆಯ ರೈತರೊಬ್ಬರು ಮಗಳ ಜೊತೆ ನಮ್ಮ ಲ್ಯಾಬಿಗೆ ಬಂದರು. ಟವೆಲಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, "ಸರ್ರ, ಕಬ್ಬಿನ ಬಿಲ್ ಬಂದ ಮ್ಯಾಲ ತಗೊಂಡಿದ್ರಿ. ಇನ್ನೂ ಒಂದೂವರಿ ವರ್ಷ ಆಗಿಲ್ಲ" ಅಂದರು. ಪರದೆಯ ಬಲಮೂಲೆಯಲ್ಲಿ ಕವರ್ ಬಾಯಿ ಬಿಟ್ಟಿತ್ತು. ಕಪ್ಪು ಟೇಪ್ ಸುತ್ತಿ ಹಿಡಿದಿಟ್ಟಿದ್ದರು. ಎತ್ತಿ ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ಏನೋ ಗಲಗಲ ಅಂತು. ಕೆಳಗಿನ ಕವರ್ ಬಿಚ್ಚಿದರೆ ಜೋಳದ ಕಾಳಿನಷ್ಟು ಗಾತ್ರದ ಮೂರು ಹಿತ್ತಾಳೆ ನಟ್ಟು ಅಂಗೈಗೆ ಉದುರಿದವು. ಒಂದೊಂದಕ್ಕೂ ಒಡೆದ ಪ್ಲಾಸ್ಟಿಕ್ಕಿನ ಚೂರು ಅಂಟಿತ್ತು. ಪ್ರೊಸೆಸರ್, ರ‍್ಯಾಮ್, ಪರದೆ ಎಲ್ಲವೂ ಸರಿಯಾಗಿದ್ದವು. ಕೆಟ್ಟಿದ್ದು ಹಿಂಜ್ (ಮುಚ್ಚಳದ ಬಿಜಾಗರಿ) ಕೂತ ಜಾಗ ಒಂದೇ.

ಬಾಗಲಕೋಟೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಇಂಥದ್ದು ಹೊಸದಲ್ಲ. ನನ್ನ ಮೊದಲ ಲ್ಯಾಪ್‌ಟಾಪ್ ಹನ್ನೊಂದನೇ ತಿಂಗಳಿಗೆ ಹೀಗೇ ಒಡೆಯಿತು. ಸರ್ವಿಸ್ ಸೆಂಟರಿನವರು 'ಫಿಸಿಕಲ್ ಡ್ಯಾಮೇಜ್' ಅಂತ ಬರೆದು ವಾಪಸ್ ಕೊಟ್ಟರು. ಎರಡನೆಯದು ಏಪ್ರಿಲ್ ಬಂದರೆ ಸಾಕು, ಕಾದು ತಾನೇ ಬಂದ್ ಆಗುತ್ತಿತ್ತು. ಎರಡನ್ನೂ ನಾನು ಕೊಂಡಿದ್ದು ಡಬ್ಬಿಯ ಮೇಲಿನ ಅಂಕಿ ನೋಡಿ. ಈಗಲೂ ಜನ ಹಾಗೇ ಕೊಳ್ಳುತ್ತಾರೆ. ಅದಕ್ಕೇ ಈ ಲೇಖನ.

ಮೊದಲನೆಯದು: ಕೆಲಸ ಮತ್ತು ದುಡ್ಡು

ಏನು ಕೆಲಸಕ್ಕೆ, ಎಷ್ಟು ದುಡ್ಡಿಗೆ ಅಂತ ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಅದನ್ನು ಬದಲಿಸಬೇಡಿ.

ಎರಡನೆಯದು: ಕಂಪನಿ ಹೆಸರಲ್ಲ, ಸರಣಿಯ ಹೆಸರು

"ಯಾವ ಕಂಪನಿ ಚಲೋ ಸರ್?" ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಕಂಪನಿ ಗಟ್ಟಿ ಮಾಲನ್ನೂ ಮಾಡುತ್ತದೆ, ಹಗುರ ಮಾಲನ್ನೂ ಮಾಡುತ್ತದೆ. ಆಫೀಸುಗಳಿಗೆ ನೂರಾರು ಲೆಕ್ಕದಲ್ಲಿ ಮಾರುವ ಸರಣಿಗಳು ಬೇರೆಯೇ ಇರುತ್ತವೆ. ಲೆನೊವೊದಲ್ಲಿ ಥಿಂಕ್‌ಪ್ಯಾಡ್, ಎಚ್‌ಪಿಯಲ್ಲಿ ಪ್ರೊಬುಕ್ ಮತ್ತು ಎಲೈಟ್‌ಬುಕ್, ಡೆಲ್‌ನಲ್ಲಿ ಲ್ಯಾಟಿಟ್ಯೂಡ್ (2025ರಿಂದ ಡೆಲ್ ಪ್ರೊ ಅನ್ನುವ ಹೆಸರು), ಏಸಸ್‌ನಲ್ಲಿ ಎಕ್ಸ್‌ಪರ್ಟ್‌ಬುಕ್, ಏಸರ್‌ನಲ್ಲಿ ಟ್ರಾವೆಲ್‌ಮೇಟ್. ಅದೇ ದುಡ್ಡಿಗೆ ಪ್ರೊಸೆಸರ್ ಒಂದು ಮೆಟ್ಟಿಲು ಕಡಿಮೆ ಸಿಗಬಹುದು. ಸಿಗಲಿ ಬಿಡಿ. ನಾನಂತೂ ಇವುಗಳಿಂದಲೇ ಹುಡುಕಲು ಶುರು ಮಾಡಿ ಅಂತ ಹೇಳುತ್ತೇನೆ.

ಇನ್ನೊಂದು ಕೆಲಸ ಯಾರೂ ಮಾಡಲ್ಲ. ಇವರಲ್ಲಿ ಲೆನೊವೊ, ಎಚ್‌ಪಿ, ಡೆಲ್ ಕಂಪನಿಗಳು ರಿಪೇರಿಯವರಿಗೆಂದು ಬರೆದ ಸರ್ವಿಸ್ ಮ್ಯಾನುಯಲ್‌ಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿರುತ್ತವೆ. ಮಾಡೆಲ್ ನಂಬರ್ ಹಾಕಿ ಹುಡುಕಿ, ಚಿತ್ರಗಳನ್ನು ನೋಡಿ. ಹಿಂಜಿನ ಸ್ಕ್ರೂ ಎಲ್ಲಿ ಕೂರುತ್ತದೆ, ರ‍್ಯಾಮ್‌ಗೆ ಸ್ಲಾಟ್ ಇದೆಯೋ ಇಲ್ಲವೋ, ಬ್ಯಾಟರಿ ಸ್ಕ್ರೂ ಬಿಚ್ಚಿದರೆ ಬರುತ್ತದೆಯೋ ಅಂಟಿಸಿದ್ದಾರೋ, ಎಲ್ಲಾ ಕಾಣುತ್ತದೆ. ಹತ್ತು ನಿಮಿಷದ ಕೆಲಸ.

'ಮಿಲಿಟರಿ ಗ್ರೇಡ್' ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಮಿಲ್-ಎಸ್‌ಟಿಡಿ-810 ಅನ್ನುವುದು ಅಮೆರಿಕದ ಸೈನ್ಯದ ಪರೀಕ್ಷಾ ಕ್ರಮ. ಅದರಲ್ಲಿ ಹತ್ತಾರು ಬಗೆಯ ಪರೀಕ್ಷೆಗಳಿವೆ. ಯಾವುದನ್ನು ಮಾಡಬೇಕು ಅಂತ ಲ್ಯಾಪ್‌ಟಾಪ್ ಕಂಪನಿಯೇ ಆರಿಸಿಕೊಳ್ಳುತ್ತದೆ. ಪಾಸ್ ಅಂತ ಸರ್ಟಿಫಿಕೇಟ್ ಕೊಡುವ ಸರ್ಕಾರಿ ಸಂಸ್ಥೆ ಯಾವುದೂ ಇಲ್ಲ. ಸ್ಟಿಕ್ಕರ್ ಇದ್ದರೂ ಕೆಳಗಿನ ಪರೀಕ್ಷೆ ಬಿಡಬೇಡಿ.

ಮೂರನೆಯದು: ಅಂಗಡಿಯಲ್ಲಿ ಕೈಯಿಂದ ಮಾಡುವ ಪರೀಕ್ಷೆ

ಜನ ಸೋಲುವುದು ಇಲ್ಲೇ. ಹಾಗಾಗಿ ಇದನ್ನು ನಿಧಾನಕ್ಕೆ ಹೇಳುತ್ತೇನೆ.

ಹಿಂಜ್ ಅಂದರೆ ನಮ್ಮ ಕಡೆ ಬಾಗಿಲಿಗೆ ಹಾಕುವ ಬಿಜಾಗರಿ. ಬಿಜಾಗರಿ ಉಕ್ಕಿನದು. ಅದು ಒಡೆಯುವುದು ಕಡಿಮೆ. ಆದರೆ ಅದನ್ನು ಯಾವುದಕ್ಕೆ ಬಿಗಿದಿದ್ದಾರೆ? ಅಗ್ಗದ ಲ್ಯಾಪ್‌ಟಾಪಿನಲ್ಲಿ ಪ್ಲಾಸ್ಟಿಕ್ ಕವರಿನಿಂದಲೇ ಎದ್ದ ಸಣ್ಣ ಸಣ್ಣ ಕಂಬಗಳಿರುತ್ತವೆ. ಅವುಗಳೊಳಗೆ ಹಿತ್ತಾಳೆ ನಟ್ಟು ಕೂರಿಸಿರುತ್ತಾರೆ. ಹಿಂಜಿನ ಸ್ಕ್ರೂ ಆ ನಟ್ಟಿಗೆ. ದಿನಾ ಹತ್ತು ಸಲ ತೆಗೆದು ಮುಚ್ಚಿದಾಗ ಆ ಪುಟ್ಟ ಕಂಬಗಳ ಮೇಲೇ ಎಳೆತ ಬೀಳುತ್ತದೆ. ಧೂಳು ಸೇರಿ, ಗ್ರೀಸ್ ಒಣಗಿ ಹಿಂಜ್ ಬಿಗಿಯಾಗುತ್ತಾ ಹೋದಂತೆ ಎಳೆತ ಜಾಸ್ತಿ. ಒಂದು ದಿನ ಕಂಬ ಟಪ್ ಅನ್ನುತ್ತದೆ. ಆಮೇಲೆ ಮುಚ್ಚಳ ಎತ್ತಿದಾಗೆಲ್ಲ ಹಿಂಜ್ ಕವರನ್ನೇ ಸೀಳುತ್ತದೆ. ಕಡೆಗೆ ಪರದೆಯ ಕೇಬಲ್ಲೂ ಹೋಗುತ್ತದೆ. ಹಳೇ ಬಾಗಿಲಿನ ಬಿಜಾಗರಿ ತುಕ್ಕು ಹಿಡಿದರೆ ಚೌಕಟ್ಟನ್ನೇ ಕಿತ್ತುಕೊಂಡು ಬರುತ್ತದಲ್ಲ, ಹಾಗೆ.

'ಮೆಟಲ್ ಬಾಡಿ' ಅಂದಾಕ್ಷಣ ನಂಬಬೇಡಿ. ಲ್ಯಾಪ್‌ಟಾಪ್ ಮೈಯನ್ನು ರಿಪೇರಿಯವರು ಎ, ಬಿ, ಸಿ, ಡಿ ಅಂತ ನಾಲ್ಕು ಕವರ್ ಮಾಡಿ ಹೇಳುತ್ತಾರೆ. ಎ ಅಂದರೆ ಪರದೆಯ ಬೆನ್ನು. ಬಿ ಅಂದರೆ ಪರದೆಯ ಸುತ್ತಲಿನ ಅಂಚು. ಸಿ ಅಂದರೆ ಕೀಬೋರ್ಡ್ ಕೂತ ಭಾಗ. ಡಿ ಅಂದರೆ ತಳ. ಎಷ್ಟೋ ಮಾಡೆಲ್‌ಗಳಲ್ಲಿ ಕಣ್ಣಿಗೆ ಕಾಣುವ ಎ ಕವರ್ ಮಾತ್ರ ಅಲ್ಯೂಮಿನಿಯಂ. ಹಿಂಜಿನ ಕೆಳಗಿನ ಅರ್ಧವನ್ನು ಸ್ಕ್ರೂ ಹಾಕಿ ಬಿಗಿಯುವುದು ಸಾಮಾನ್ಯವಾಗಿ ಸಿ ಕವರಿಗೆ. "ಸಿ ಕವರ್ ಯಾವುದರದ್ದು?" ಅಂತ ಕೇಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಅರ್ಧವನ್ನು ಎ ಕವರಿಗೆ ಬರೀ ಅಂಟಿನಿಂದ ಕೂರಿಸಿರುತ್ತಾರೆ. ಅದನ್ನು ಸರ್ವಿಸ್ ಮ್ಯಾನುಯಲ್ಲಿನ ಚಿತ್ರದಲ್ಲೇ ನೋಡಬೇಕು.

ಈಗ ಅಂಗಡಿಗೆ ಹೋಗಿ. ಹೊಸ ಡಬ್ಬಿ ತೆಗೆಸುವ ಮೊದಲು ಷೋಕೇಸಿನಲ್ಲಿಟ್ಟ ಡೆಮೊ ಪೀಸ್ ಕೇಳಿ. ಬಂದವರೆಲ್ಲ ಅದನ್ನು ತೆಗೆದು ಮುಚ್ಚಿ ಒತ್ತಿ ನೋಡಿರುತ್ತಾರೆ. ನಿಮ್ಮದು ವರ್ಷ ಕಳೆದ ಮೇಲೆ ಹೇಗಿರುತ್ತದೆ ಅಂತ ತೋರಿಸುವುದು ಅದೇ. ಮುಚ್ಚಿಟ್ಟು, ಹಿಂಭಾಗದ ಸಂದಿನ ಉದ್ದಕ್ಕೂ ಉಗುರು ಎಳೆಯಿರಿ. ನಡುವೆ ಒಂದು ಥರ, ಹಿಂಜಿನ ಹತ್ತಿರ ಇನ್ನೊಂದು ಥರ ಇದ್ದರೆ, ಅಂದರೆ ಉಗುರು ಒಳಗೆ ಇಳಿದರೆ, ಕಂಬ ಸಡಿಲ ಆಗಿದೆ ಅಂತಲೇ ತಿಳಿಯಿರಿ. ಆ ಮಾಡೆಲ್ ಬಿಟ್ಟುಬಿಡಿ.

ಆಮೇಲೆ ಮುಚ್ಚಳದ ಬಲಮೂಲೆಯನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತಿ. ಎಡಮೂಲೆಯೂ ಜೊತೆಗೇ ಏಳಬೇಕು. ಹಿಂದೆ ಬಿದ್ದು ಪರದೆ ತಿರುಚಿದರೆ ಎ ಕವರ್ ತೆಳು. ಕಿವಿ ಹತ್ತಿರ ಇಟ್ಟು ಕೇಳಿ. ಕಿರ್ ಅನ್ನಬಾರದು, ಕಟ್ ಅನ್ನಬಾರದು. ಮಧ್ಯದಿಂದ ಎತ್ತುವಾಗ ಲ್ಯಾಪ್‌ಟಾಪಿನ ತಳವೂ ಮೇಜಿನಿಂದ ಏಳುತ್ತಿದ್ದರೆ ಹಿಂಜ್ ಬಿಗಿ ಜಾಸ್ತಿ. ಬಿಗಿ ಇದ್ದರೆ ಗಟ್ಟಿ ಅಂತ ತುಂಬಾ ಜನ ತಿಳಿದಿದ್ದಾರೆ. ಪ್ಲಾಸ್ಟಿಕ್ ಕಂಬಕ್ಕೆ ಕಚ್ಚಿಕೊಂಡ ಬಿಗಿ ಹಿಂಜ್‌ನಷ್ಟು ಬೇಗ ಬೇರೆ ಯಾವುದೂ ಒಡೆಯಲ್ಲ. ನಯವಾಗಿ ಎದ್ದು, ಬಿಟ್ಟ ಕಡೆ ನಿಲ್ಲಬೇಕು.

ಇನ್ನು ಕೀಬೋರ್ಡ್. ನಡುವಿನ ಜಿ, ಎಚ್ ಗುಂಡಿಗಳ ಮೇಲೆ ಹೆಬ್ಬೆರಳಿಟ್ಟು ಒತ್ತಿ. ಗುಂಡಿ ಇಳಿದ ಮೇಲೆ ಇಡೀ ಹಲಗೆಯೇ ಬಾಗಿ ತಗ್ಗಾದರೆ ಒಳಗೆ ಫ್ರೇಮ್ ಇಲ್ಲ. ಮುಂದಿನ ಒಂದು ಮೂಲೆ ಹಿಡಿದು ಲ್ಯಾಪ್‌ಟಾಪ್ ಎತ್ತಿ. ಮೈ ತಿರುಚಿ ಟಚ್‌ಪ್ಯಾಡ್ ತಾನೇ ಕ್ಲಿಕ್ ಆದರೆ ಬೇಡವೇ ಬೇಡ. ಪರದೆಯ ಬೆನ್ನಿನ ನಡುವೆ ಅಂಗೈಯಿಂದ ಹಗುರಾಗಿ ಒತ್ತಿ ನೋಡಿ. ಪರದೆಯಲ್ಲಿ ಅಲೆ ಎದ್ದರೆ, ತುಂಬಿದ ಬಸ್ಸಿನಲ್ಲಿ ಬ್ಯಾಗು ಒತ್ತಿದಾಗ ಅದೇ ಒತ್ತಡ ಪರದೆಗೆ ಬೀಳುತ್ತದೆ. ಬಾಗಲಕೋಟೆಯಿಂದ ಬೆಳಗಾವಿಗೆ ನಿಂತೇ ಹೋಗುವ ಹುಡುಗರಿಗೆ ಇದು ದೊಡ್ಡ ವಿಷಯ.

"ಸರ, ಅಷ್ಟ ಜೋರ ಒತ್ತಬ್ಯಾಡ್ರಿ" ಅಂತ ಸಾಹುಕಾರ್ರು ಅನ್ನಬಹುದು. "ಜೋರ ಒತ್ತಂಗಿಲ್ರಿ, ದಿನಾ ಮನ್ಯಾಗ ಎಷ್ಟ ಒತ್ತತೀವಿ ಅಷ್ಟ" ಅಂತ ಸಮಾಧಾನದಿಂದ ಹೇಳಿ. ಬಿಚ್ಚಿ ತೋರಿಸಲು ಹಿಂದೆಮುಂದೆ ನೋಡದ ಅಂಗಡಿ ಸಿಕ್ಕರೆ ನೂರಿನ್ನೂರು ಜಾಸ್ತಿ ಕೊಟ್ಟಾದರೂ ಅಲ್ಲೇ ಕೊಳ್ಳಿ. ಆನ್‌ಲೈನಿನಲ್ಲೇ ಕೊಳ್ಳುವವರೂ ಒಮ್ಮೆ ಅದೇ ಮಾಡೆಲನ್ನು ಯಾವುದಾದರೂ ಅಂಗಡಿಯಲ್ಲಿ ಮುಟ್ಟಿ ನೋಡಿ.

ನಾಲ್ಕನೆಯದು: ಕಾವು

ಬಾಗಲಕೋಟೆ, ವಿಜಯಪುರದಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಏಸಿ ಅಂಗಡಿಯಲ್ಲಿ ತಣ್ಣಗಿದ್ದ ಲ್ಯಾಪ್‌ಟಾಪ್ ನಮ್ಮ ಮನೆಯಲ್ಲಿ ಹಾಗಿರಲ್ಲ. ಡೆಮೊ ಪೀಸಿನಲ್ಲಿ ಇಪ್ಪತ್ತು ನಿಮಿಷ ವಿಡಿಯೊ ಓಡಿಸಿ, ಕೀಬೋರ್ಡಿನ ಮೇಲ್ಭಾಗ ಮುಟ್ಟಿ. ತಳದ ಗಾಳಿಕಿಂಡಿ ಎಷ್ಟು ಅಗಲ ಇದೆ, ಕಾಲಿನ ರಬ್ಬರ್ ಎಷ್ಟು ಎತ್ತರ ಇದೆ ಅಂತ ತಿರುಗಿಸಿ ನೋಡಿ. ಇಂಟೆಲ್‌ನ ಹೆಸರಿನ ಕೊನೆಗೆ ಎಚ್ ಇರುವ ಪ್ರೊಸೆಸರ್‌ಗಳು ಸಾಮಾನ್ಯವಾಗಿ 28ರಿಂದ 45 ವ್ಯಾಟ್ ಲೆಕ್ಕದವು, ಯು ಇರುವವು 15 ವ್ಯಾಟ್. ವ್ಯಾಟ್ ಜಾಸ್ತಿ ಆದಷ್ಟೂ ಕಾವು ಜಾಸ್ತಿ. ಓದು, ಬರಹ, ಕೋಡಿಂಗ್ ಅಷ್ಟೇ ಆದರೆ ಯು ಸಾಕು. ಮನೆಯಲ್ಲಿ ಕೌದಿಯ ಮೇಲೆ ಇಟ್ಟು ಮಾತ್ರ ಕೆಲಸ ಮಾಡಬೇಡಿ. ಗಾಳಿಕಿಂಡಿ ಪೂರಾ ಮುಚ್ಚಿಹೋಗುತ್ತದೆ. ಕೂಲಿಂಗ್ ಪ್ಯಾಡಿಗೆ ದುಡ್ಡು ಹಾಕುವ ಬದಲು ಹಿಂದಿನ ಅಂಚಿನ ಕೆಳಗೆ ಒಂದು ಕಟ್ಟಿಗೆ ಪಟ್ಟಿ ಇಡಿ.

ಐದನೆಯದು: ಪರದೆ, ರ‍್ಯಾಮ್, ಪ್ರೊಸೆಸರ್

ಪರದೆ 1920×1080 ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಬಗೆ) ಇರಲಿ. ಬೆಳಕು 300 ನಿಟ್ಸ್‌ಗಿಂತ ಕಡಿಮೆ ಬೇಡ. ರ‍್ಯಾಮ್ 16 ಜಿಬಿ ಇರಲಿ. ಈಗ 8ಕ್ಕೇ ದುಡ್ಡಿದ್ದರೆ ಖಾಲಿ ಸ್ಲಾಟ್ ಇರಲೇಬೇಕು. ಬೋರ್ಡಿಗೆ ಬೆಸುಗೆ ಹಾಕಿದ ರ‍್ಯಾಮನ್ನು ಮುಂದೆ ಹೆಚ್ಚಿಸಲು ಬರಲ್ಲ.

ಎಎಂಡಿ ಕಂಪನಿಯ ಪ್ರೊಸೆಸರ್ ಇರುವುದನ್ನು ಕೊಳ್ಳುವವರು ಒಂದು ಮೋಸ ತಿಳಿದಿರಿ. ರೈಜೆನ್ 7000 ಸರಣಿಯಲ್ಲಿ ಮೂರನೇ ಅಂಕಿ ನೋಡಬೇಕು, ಒಳಗಿನ ವಿನ್ಯಾಸ (ಝೆನ್) ಯಾವುದು ಅಂತ ಹೇಳುವುದು ಅದೇ. 7520ಯು ಅಂದರೆ ಝೆನ್ 2, ಅದು 2019ರ ವಿನ್ಯಾಸ. ರ‍್ಯಾಮ್ ಬೇರೆ ಬೋರ್ಡಿಗೇ ಅಂಟಿರುತ್ತದೆ. 7530ಯು ಅಂದರೆ ಝೆನ್ 3. ಹೊರಗಿನಿಂದ ನೋಡಿದರೆ ಹತ್ತೇ ಅಂಕಿಯ ಫರಕು. ಒಳಗೆ ಒಂದು ತಲೆಮಾರಿನ ಫರಕು.

ಆರನೆಯದು: ಚಾರ್ಜರ್ ಮತ್ತು ಬಿಲ್ಲು

ಟೈಪ್-ಸಿ ಚಾರ್ಜರ್ ಇರುವುದನ್ನೇ ಆರಿಸಿ. ಹಳೇ ಗುಂಡು ಪಿನ್ನಿನವು ಹಾಳಾದರೆ ಅದೇ ಮಾಡೆಲಿನದು ಹುಡುಕಬೇಕು. ಬದಲಿಗೆ ಕೊಳ್ಳುವ ಚಾರ್ಜರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಆರ್‌ನಿಂದ ಶುರುವಾಗುವ ನಂಬರ್ ಇಲ್ಲದಿದ್ದರೆ ಮುಟ್ಟಬೇಡಿ. ಮೆಟಲ್ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಕೈಗೆ ಜುಮ್ ಅಂದರೆ ಮನೆಯ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿಗೆ ಇಳಿಸುವ ಕನ್ವರ್ಟರ್ ಎಸೆಯಿರಿ.

ವಾರಂಟಿಯಲ್ಲಿ 'ಆನ್‌ಸೈಟ್' ಇದೆಯಾ ಕೇಳಿ. ಇಲ್ಲದಿದ್ದರೆ ಪ್ರತಿ ಸಲ ನೀವೇ ಬೆಳಗಾವಿಗೋ ಹುಬ್ಬಳ್ಳಿಗೋ ಹೊತ್ತುಕೊಂಡು ಹೋಗಬೇಕು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಬೀಳಿಸದೇ ಹಿಂಜ್ ಒಡೆದಿದ್ದಕ್ಕೂ ಫಿಸಿಕಲ್ ಡ್ಯಾಮೇಜ್ ಅಂದರೆ ಸುಮ್ನೆ ವಾಪಸ್ ಬರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ನಾನು ಅವತ್ತು ಮಾಡಲಿಲ್ಲ. ಮಾಡಬೇಕಿತ್ತು.

ದುಡ್ಡು ಕಡಿಮೆ ಇದ್ದರೆ ಅಗ್ಗದ ಹೊಸದಕ್ಕಿಂತ ಹಳೇ ಥಿಂಕ್‌ಪ್ಯಾಡೋ ಲ್ಯಾಟಿಟ್ಯೂಡೋ ಮೇಲು, ಇದು ನನ್ನ ಖಚಿತ ಮಾತು. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ, ವಿಂಡೋಸ್ 11 ಸಾಮಾನ್ಯವಾಗಿ 8ನೇ ತಲೆಮಾರಿಗಿಂತ ಹಿಂದಿನ ಇಂಟೆಲ್ ಪ್ರೊಸೆಸರನ್ನು ಒಪ್ಪಲ್ಲ. ದುಡ್ಡು ಕೊಡುವ ಮೊದಲು ಅಂಗಡಿಯವರಿಂದಲೇ ಬ್ಯಾಟರಿ ರಿಪೋರ್ಟ್ ತೆಗೆಸಿ. ಹೊಸದಿದ್ದಾಗಿನ ಶಕ್ತಿ, ಈಗ ಉಳಿದ ಶಕ್ತಿ ಎರಡೂ ಅದರಲ್ಲಿ ಇರುತ್ತವೆ.

ತಂದ ಮೇಲೆ ಕೀಬೋರ್ಡಿಗೆ ಸಿಲಿಕಾನ್ ಹಾಳೆ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಬೇಡಿ. ಈಗಿನ ಲ್ಯಾಪ್‌ಟಾಪ್ ಮುಚ್ಚಿದಾಗ ನಡುವೆ ಸಂದೇ ಇರಲ್ಲ. ಕ್ಯಾಮೆರಾ ಮುಚ್ಚಳದಿಂದ ಪರದೆ ಒಡೆಯಬಹುದು ಅಂತ 2020ರಲ್ಲಿ ಆಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳಿತ್ತು. ಮುಚ್ಚಳವನ್ನು ಯಾವಾಗಲೂ ನಡುವೆ ಹಿಡಿದು ತೆಗೆಯಿರಿ. ಬಿಗಿ ಅನ್ನಿಸಿದ ದಿನವೇ ರಿಪೇರಿಯವರ ಹತ್ತಿರ ಒಯ್ದು ಹಿಂಜಿನ ನಟ್ಟು ಅರ್ಧ ಸುತ್ತು ಸಡಿಲ ಮಾಡಿಸಿ. ಆಗ ಮಾಡಿಸಿದರೆ ಹದಿನೈದು ನಿಮಿಷದ ಕೆಲಸ.

ಆ ಹುಡುಗಿಯ ಲ್ಯಾಪ್‌ಟಾಪಿಗೆ ಸಿ ಕವರ್ ಹೊಸದು ಹಾಕಿಸಿದೆವು. ಹಿಂಜ್ ಎರಡೂ ಕಡೆ ಸಡಿಲ ಮಾಡಿಸಿದೆವು. ಈಗ ಅವಳು ಲ್ಯಾಬಿಗೆ ಬಂದರೆ ಎರಡೂ ಕೈಯಿಂದ ನಡುವೆ ಹಿಡಿದು ತೆಗೆಯುತ್ತಾಳೆ. ಆ ಮೂರು ಹಿತ್ತಾಳೆ ನಟ್ಟು ನನ್ನ ಮೇಜಿನ ಖಾನೆಯಲ್ಲಿವೆ. ಲ್ಯಾಪ್‌ಟಾಪ್ ಯಾವುದು ಕೊಳ್ಳಲಿ ಅಂತ ಕೇಳಿಕೊಂಡು ಬಂದವರಿಗೆ ಮೊದಲು ಅವನ್ನೇ ಅಂಗೈಗೆ ಹಾಕಿ ತೋರಿಸುತ್ತೇನೆ.