ಜೇನುಮೇಣ, ಮುರುಗಲು ತುಪ್ಪ, ಲಾವಂಚ: ಮನೆಯಲ್ಲೇ ಪರಿಮಳದ ಮೇಣದಬತ್ತಿ

ಶಿರಸಿಯ ಹತ್ತಿರದ ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಹಂಡೆಯ ಹಿಂದೆ, ಗೋಣಿಯಲ್ಲಿ ಸುತ್ತಿಟ್ಟ ಜೇನುಮೇಣದ ಉಂಡೆಯೊಂದಿತ್ತು. ತೂಗಿದರೆ ಒಂದು ಕೆಜಿ ಮುನ್ನೂರು ಗ್ರಾಂ. ಮೈತುಂಬ ವಿಭೂತಿ ಬಳಿದಂತೆ ಬಿಳಿ ಪುಡಿ ಕೂತಿತ್ತು. ಬೂಸಲು ಹಿಡಿದಿದೆ ಎಂದು ಎಸೆಯಲು ಹೊರಟಿದ್ದೆ. "ಎಸೆಯಬೇಡ ತಂಗೀ, ಅದು ಕೆಡುವ ವಸ್ತುವಲ್ಲ" ಎಂದು ಮಾವ ಕೈಯಿಂದ ತೆಗೆದುಕೊಂಡು, ಒಲೆಯ ಹತ್ತಿರ ಬೆಚ್ಚಗೆ ಮಾಡಿದ ಬಟ್ಟೆಯಿಂದ ಒರೆಸಿದರು. ಪುಡಿ ಮಾಯವಾಗಿ ಅರಿಶಿನದ ಬಣ್ಣ ಹೊರಬಂತು. ಮೂಗಿಗೆ ಹಿಡಿದರೆ ಜೇನಿನ ವಾಸನೆ ಇನ್ನೂ ಇತ್ತು.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿದಾಗ ನಮ್ಮ ತೋಟದ ಹದಿನೆಂಟು ಪೆಟ್ಟಿಗೆಗಳೂ ಖಾಲಿಯಾಗಿದ್ದವು. ಹುಳುಗಳಿಲ್ಲದ ಎರಿಗಳನ್ನು, ಅಂದರೆ ಜೇನುಗೂಡಿನ ಮೇಣದ ತಟ್ಟಿಗಳನ್ನು, ಮಾವ ಕರಗಿಸಿ ಇಟ್ಟದ್ದೇ ಆ ಉಂಡೆ. ಜೇನುಹುಳು ಒಂದು ಕೆಜಿ ಮೇಣ ಸ್ರವಿಸಲು ಆರೆಂಟು ಕೆಜಿ ಜೇನುತುಪ್ಪ ತಿನ್ನಬೇಕು ಎಂಬುದು ಜೇನು ಸಾಕುವವರ ಸಾಮಾನ್ಯ ಲೆಕ್ಕ. ಅಂಥದ್ದನ್ನು ಕಣ್ಣಳತೆಯಲ್ಲಿ ಕರಗಿಸಿ ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ. ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆಯ ತಕ್ಕಡಿ, ಒಂದು ಥರ್ಮಾಮೀಟರ್ ತಂದುಕೊಂಡೆ. ನೀವೂ ಮೊದಲು ಈ ಎರಡನ್ನು ತನ್ನಿ. ಮಿಕ್ಕ ಸಾಮಾನುಗಳಿಗೆ ಮನೆಯಲ್ಲಿ ಬದಲಿ ಸಿಗುತ್ತದೆ, ಇವುಗಳಿಗೆ ಸಿಗುವುದಿಲ್ಲ.

ಜೇನುಮೇಣವನ್ನಷ್ಟೇ ಕರಗಿಸಿ ಲೋಟಕ್ಕೆ ಹೊಯ್ದರೆ ಆಗದೇ ಎಂದು ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಆದರೆ ಪರಿಮಳದ ಬತ್ತಿಗೆ ಅದು ಒಗ್ಗುವುದಿಲ್ಲ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆರುವಾಗ ಕುಗ್ಗಿ ಗಾಜನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ, ಕೆಲವೊಮ್ಮೆ ಸೀಳುತ್ತದೆ. ಗಟ್ಟಿಯಾದ್ದರಿಂದ ದಪ್ಪ ಬತ್ತಿ ಬೇಡುತ್ತದೆ. ಅದರ ಸ್ವಂತ ವಾಸನೆ ನೀವು ಹಾಕಿದ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಸೋಯಾ ಮೇಣ ಇದಕ್ಕೆ ತದ್ವಿರುದ್ಧ. ಸೋಯಾಬೀನ್ ಎಣ್ಣೆಯನ್ನು ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು ಅದು. ಸುಮಾರು 50 ಡಿಗ್ರಿಗೇ ಕರಗುತ್ತದೆ, ಸುಗಂಧವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಒಂದೇ ಹಾಕಿದರೆ ಮೆತ್ತಗೆ. ಕೊಬ್ಬರಿ ಎಣ್ಣೆ 25 ಡಿಗ್ರಿ ದಾಟಿದರೆ ನೀರಾಗುತ್ತದೆ. ಅದು ತಾನಾಗಿ ನಿಲ್ಲದಿದ್ದರೂ ಬೇರೆ ಮೇಣಗಳ ಜೊತೆ ಸೇರಿದಾಗ ಮೇಲ್ಮೈಯನ್ನು ಬೆಣ್ಣೆಯಂತೆ ನುಣುಪಾಗಿಸುತ್ತದೆ.

ನಾಲ್ಕನೆಯದು ನಮ್ಮೂರಿನದು, ಮುರುಗಲು ತುಪ್ಪ. ಮುರುಗಲು ಹಣ್ಣಿನ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ಅದು. ಪೇಟೆಯಲ್ಲಿ ಕೋಕಂ ಬಟರ್ ಎಂದು ಮಾರುತ್ತಾರೆ. ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚಲು ಅತ್ತೆ ಪ್ರತಿ ಬೇಸಿಗೆಯಲ್ಲಿ ಮಾಡಿಡುತ್ತಿದ್ದರು. ಅವರು ಕಟ್ಟಿದ ಉಂಡೆಯನ್ನು ಬೆರಳಿನಿಂದ ಒತ್ತಿದರೆ ಒಳಗೆ ಹೋಗುವುದಿಲ್ಲ. ಬಿಳಿಯ ಸುಣ್ಣದಕಲ್ಲಿನಂತೆ ಇರುತ್ತದೆ. ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಕೊಬ್ಬರಿ ಎಣ್ಣೆಯ ಸಡಿಲತನವನ್ನು ಇದು ಕಟ್ಟಿಹಾಕುತ್ತದೆ. ಒಂದು ಎಚ್ಚರಿಕೆ: ಮನೆಯಲ್ಲಿ ತೆಗೆದ ತುಪ್ಪದಲ್ಲಿ ನೀರಿನ ಅಂಶ ಉಳಿದಿರುತ್ತದೆ. ಸಣ್ಣ ಉರಿಯಲ್ಲಿ ಇಟ್ಟು ಚಟಪಟ ಸದ್ದು ಪೂರ್ತಿ ನಿಂತ ಮೇಲಷ್ಟೇ ಬಳಸಿ. ನೀರಿನ ಹನಿ ಇದ್ದರೆ ಬತ್ತಿ ಉರಿಯುವಾಗ ಸಿಡಿಯುತ್ತದೆ.

ಜೇನುಮೇಣಕ್ಕೂ ಇದೇ ಮಾತು. ಎರಿ ಹಳೆಯದಾಗಿದ್ದರೆ ತೆಳ್ಳನೆಯ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಸ್ಟೀಲ್ ಪಾತ್ರೆಯ ನೀರಿನಲ್ಲಿ ಬಿಸಿ ಮಾಡಿ. ಮೇಣ ಬಟ್ಟೆಯ ಮೂಲಕ ಹೊರಬಂದು ತೇಲುತ್ತದೆ, ಕಸ ಗಂಟಿನಲ್ಲೇ ಉಳಿಯುತ್ತದೆ. ಆರಿದ ಮೇಲೆ ಬಿಲ್ಲೆಯನ್ನು ಎತ್ತಿ ತಳಕ್ಕೆ ಅಂಟಿದ ಕಂದು ಪದರವನ್ನು ಚಾಕುವಿನಿಂದ ಹೆರೆಯಿರಿ. ಇನ್ನೊಮ್ಮೆ ಕರಗಿಸಿ ಸೋಸಿ. ಕಬ್ಬಿಣದ ಬಾಣಲೆ ಬೇಡ, ಮೇಣ ಕಪ್ಪಾಗುತ್ತದೆ. ತಾಮ್ರವೂ ಬೇಡ, ಹಸಿರು ಬಣ್ಣ ಬರುತ್ತದೆ. ಜೇನುತುಪ್ಪದ ಅಂಶ ಒಂದಿಷ್ಟು ಉಳಿದರೂ ಅದು ಬತ್ತಿಯ ತುದಿಯಲ್ಲಿ ಕರಕಲಾಗಿ ಎಣ್ಣೆ ಮೇಲೇರುವ ದಾರಿಯನ್ನೇ ಮುಚ್ಚುತ್ತದೆ.

ನಾನು ಈಗ ಹಾಕುವ ಅಳತೆ ಹೀಗಿದೆ. ಸೋಯಾ ಮೇಣ 120 ಗ್ರಾಂ, ಜೇನುಮೇಣ 40 ಗ್ರಾಂ, ಮುರುಗಲು ತುಪ್ಪ 20 ಗ್ರಾಂ, ಕೊಬ್ಬರಿ ಎಣ್ಣೆ 20 ಗ್ರಾಂ. ಒಟ್ಟು 200. ಇದಕ್ಕೆ ಸುಗಂಧ ತೈಲ 10 ಗ್ರಾಂ, ಅಂದರೆ ಮೇಣದ ತೂಕದ ನೂರಕ್ಕೆ ಐದು. ಇಷ್ಟರಲ್ಲಿ 80 ಮಿಲಿ ಹಿಡಿಯುವ ಮೂರು ಲೋಟಗಳು ತುಂಬುತ್ತವೆ. ಶಿರಸಿಯ ಹವೆಗೆ ಇದು ಸರಿ. ರಾಯಚೂರಿನಲ್ಲಿರುವ ನನ್ನ ಅಕ್ಕನಿಗೆ ಇದೇ ಬತ್ತಿ ಕಳಿಸಿದಾಗ ಏಪ್ರಿಲ್ ಬಿಸಿಲಿಗೆ ಮೇಲ್ಭಾಗ ಬೆವರಿ ಎಣ್ಣೆ ನಿಂತಿತ್ತು. ಈಗ ಅವಳಿಗೆ ಮಾಡುವಾಗ ಕೊಬ್ಬರಿ ಎಣ್ಣೆ ಬಿಟ್ಟು, ಆ 20 ಗ್ರಾಂ ಜಾಗಕ್ಕೆ ಜೇನುಮೇಣವನ್ನೇ ಹೆಚ್ಚಿಸುತ್ತೇನೆ. ಹಾಗೆ ಮಾಡಿದಾಗ ಬತ್ತಿಯನ್ನೂ ಒಂದು ಅಳತೆ ದಪ್ಪದ್ದು ಹಾಕಬೇಕು.

ಈಗ ಬತ್ತಿಯ ವಿಷಯ. ಮೊದಲ ಸಲ ದೇವರ ಮನೆಯಲ್ಲಿದ್ದ ಹತ್ತಿಯ ಉದ್ದಬತ್ತಿಯನ್ನೇ ಇಟ್ಟಿದ್ದೆ. ಹಣತೆಯಲ್ಲಿ ಅಷ್ಟು ಚೆಂದ ಉರಿಯುವ ಬತ್ತಿ ಇಲ್ಲಿ ಐದು ನಿಮಿಷಕ್ಕೆ ತಲೆ ಬಾಗಿಸಿ ಮೇಣದಲ್ಲಿ ಮುಳುಗಿತು. ಹಣತೆಯಲ್ಲಿ ನಾವು ಬತ್ತಿಯನ್ನು ಆಗಾಗ ಮುಂದಕ್ಕೆ ಸರಿಸುತ್ತೇವೆ, ಕರಕಲನ್ನು ತಟ್ಟುತ್ತೇವೆ. ಮೇಣದಬತ್ತಿಯಲ್ಲಿ ಆ ಕೆಲಸ ಬತ್ತಿಯದೇ. ಜಡೆಯಂತೆ ಹೆಣೆದ ಹತ್ತಿಯ ಬತ್ತಿ ಉರಿಯುತ್ತಾ ತುದಿ ಬಾಗಿಸಿ, ಜ್ವಾಲೆಯ ಅಂಚಿಗೆ ಬಂದು ತನ್ನ ತುದಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕಾಗಿ ಹೆಣೆದದ್ದನ್ನೇ ಕೊಳ್ಳಿ. ಕರಗಿದ ಜೇನುಮೇಣದಲ್ಲಿ ಒಮ್ಮೆ ಅದ್ದಿ ನೆಟ್ಟಗೆ ಎಳೆದು ಒಣಗಿಸಿ, ತಳಕ್ಕೆ ತಗಡಿನ ಬಿಲ್ಲೆ ಸಿಕ್ಕಿಸಿ, ಒಂದು ಹನಿ ಮೇಣದಿಂದ ಲೋಟದ ನಡುವೆ ಅಂಟಿಸಿ. ಮೇಲ್ತುದಿ ನಡುವಿನಲ್ಲೇ ನಿಲ್ಲಲು ಲೋಟದ ಬಾಯಿಗೆ ಅಡ್ಡಲಾಗಿ ಎರಡು ಪೊರಕೆಕಡ್ಡಿ ಇಟ್ಟು ನಡುವೆ ಸಿಕ್ಕಿಸಿ. ಯಾವ ದಪ್ಪ ಸರಿ ಎಂದು ಉರಿಸಿ ನೋಡದೆ ಯಾರೂ ಹೇಳಲಾರರು. ಮೊದಲ ಸಲ ಮೂರು ಲೋಟಗಳಿಗೆ ಮೂರು ದಪ್ಪದ ಬತ್ತಿ ಹಾಕಿ.

ಲೋಟ ದಪ್ಪ ಗಾಜಿನದಿರಲಿ, ಬಿಸಿ ತಡೆಯುವಂಥದ್ದಿರಲಿ. ತೆಂಗಿನ ಕರಟದಲ್ಲಿ ಮಾಡಿದ ಬತ್ತಿಗಳ ಚಿತ್ರ ನೋಡಿ ಹಲವರು ಆಸೆಪಡುತ್ತಾರೆ. ದಯವಿಟ್ಟು ಬೇಡ. ಕರಟವೆಂದರೆ ನಮ್ಮ ಬಚ್ಚಲ ಒಲೆಯ ಒಳ್ಳೆಯ ಸೌದೆ. ಹೊಳಪು ಹಾಕದ ಮಣ್ಣಿನ ಕುಡಿಕೆಯೂ ಎಣ್ಣೆ ಹೀರಿ ಹೊರಮೈಯೆಲ್ಲ ಜಿಡ್ಡಾಗುತ್ತದೆ.

ಕರಗಿಸುವಾಗ ಪಾತ್ರೆಯನ್ನು ನೇರ ಉರಿಗೆ ಇಡಬಾರದು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಪಾತ್ರೆ ಕೂರಿಸಿ. ಮೊದಲು ಜೇನುಮೇಣ, ಅದು ಪೂರ್ತಿ ಕರಗಿದ ಮೇಲೆ ಮುರುಗಲು ತುಪ್ಪ ಮತ್ತು ಸೋಯಾ, ಕೊನೆಗೆ ಕೊಬ್ಬರಿ ಎಣ್ಣೆ. 75 ಡಿಗ್ರಿ ಬಂದರೆ ಸಾಕು. 85 ದಾಟಿದರೆ ಜೇನುಮೇಣದ ಬಣ್ಣ ಕಂದುತ್ತದೆ, ಆ ಹಳೆಯ ಜೇನಿನ ವಾಸನೆಯೂ ಹೋಗುತ್ತದೆ. ಒಲೆ ಬಿಟ್ಟು ಎಲ್ಲಿಗೂ ಹೋಗಬೇಡಿ, ಫೋನ್ ಬಂದರೆ ಬರಲಿ. ಎಂದಾದರೂ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ ಪಾತ್ರೆಗೆ ಮುಚ್ಚಳ ಮುಚ್ಚಿ. ಆ ಮುಚ್ಚಳ ಮೊದಲಿನಿಂದಲೂ ಕೈಗೆಟಕುವಲ್ಲೇ ಇರಲಿ.

ಪರಿಮಳದಲ್ಲಿ ನಾನು ಅತಿ ಹೆಚ್ಚು ಸೋತದ್ದು ಮಲ್ಲಿಗೆಯಲ್ಲಿ. ಭಟ್ಕಳ ಮಲ್ಲಿಗೆಯ ಮೇಲೆ ನನಗೆ ಪ್ರಾಣ. ಕೊಬ್ಬು ವಾಸನೆಯನ್ನು ಹೀರುತ್ತದೆ ಎಂಬುದು ಗೊತ್ತಿತ್ತು. ಎಳ್ಳಿನ ನಡುವೆ ಮಲ್ಲಿಗೆ ಹರಡಿ, ಆ ಎಳ್ಳಿನಿಂದ ಪರಿಮಳದ ಎಣ್ಣೆ ತೆಗೆಯುವ ಪದ್ಧತಿ ಉತ್ತರ ಭಾರತದಲ್ಲಿ ಹಳೆಯದು. ನಾನು ತಟ್ಟೆಗೆ ಮುರುಗಲು ತುಪ್ಪ ಬಳಿದು, ಸಂಜೆ ಬಿರಿಯುವ ಮೊಗ್ಗುಗಳನ್ನು ಅದರ ಮೇಲೆ ಬೋರಲು ಜೋಡಿಸಿ ಇನ್ನೊಂದು ತಟ್ಟೆ ಮುಚ್ಚಿದೆ. ಬೆಳಿಗ್ಗೆ ಬಾಡಿದ ಹೂವನ್ನು ಒಂದೊಂದಾಗಿ ಎತ್ತಿ, ಸಂಜೆ ಹೊಸದು. ಒಂಬತ್ತು ದಿನ ಹೀಗೆ ಮಾಡಿದೆ. ಹತ್ತನೆಯ ದಿನ ತಟ್ಟೆ ತೆರೆದಾಗ ಇಡೀ ಕೋಣೆ ಮದುವೆಮನೆಯಾಗಿತ್ತು. ಅದರಿಂದ ಬತ್ತಿ ಮಾಡಿ ಹಚ್ಚಿದೆ. ಹತ್ತಿರ ಮುಖ ಇಟ್ಟರೂ ಏನೂ ಇಲ್ಲ. ಅಷ್ಟು ಸೂಕ್ಷ್ಮ ಪರಿಮಳ ಬಿಸಿಗೆ ಉಳಿಯಲಿಲ್ಲ. ಉಳಿದ ತುಪ್ಪವನ್ನು ಅತ್ತೆ ಕೈಗೆ ಹಚ್ಚಿಕೊಂಡರು. ಅವರ ಸೆರಗಿನಲ್ಲಿ ವಾರವಿಡೀ ಮಲ್ಲಿಗೆ ಇತ್ತು.

ಅಲ್ಲಿಂದ ನಾನು ಬಿಸಿಯನ್ನು ತಾಳುವ ವಾಸನೆಗಳ ಕಡೆ ತಿರುಗಿದೆ. ಹತ್ತು ಗ್ರಾಂನಲ್ಲಿ ಮಜ್ಜಿಗೆಹುಲ್ಲಿನ (ಲೆಮನ್ ಗ್ರಾಸ್) ಎಣ್ಣೆ ಆರು, ಲಾವಂಚದ ಎಣ್ಣೆ ಮೂರು, ಲವಂಗದ ಎಣ್ಣೆ ಒಂದು. ಹಚ್ಚಿದ ಕೂಡಲೇ ಮುಂದೆ ಬರುವುದು ಮಜ್ಜಿಗೆಹುಲ್ಲು, ಅದರ ಹಿಂದೆ ಲವಂಗದ ಬಿಸುಪು. ಲಾವಂಚ ನಿಧಾನದ್ದು, ಭಾರದ್ದು. ಬತ್ತಿ ಆರಿಸಿದ ಮೇಲೂ ಕೋಣೆಯಲ್ಲಿ ಉಳಿಯುವುದು ಅದೇ. ಮೊದಲ ಮಳೆಗೆ ನೆನೆದ ಅಂಗಳದ ನೆನಪು ತರುತ್ತದೆ. ಲಾವಂಚದ ಎಣ್ಣೆ ದುಬಾರಿ, ಆದರೆ ಅದಿಲ್ಲದೆ ಮಜ್ಜಿಗೆಹುಲ್ಲು ಒಂಟಿಯಾಗಿ ಸೋಪಿನ ವಾಸನೆ ಕೊಡುತ್ತದೆ, ಆದ್ದರಿಂದ ಅಲ್ಲಿ ಕೈ ಬಿಗಿ ಹಿಡಿಯಬೇಡಿ. ಲವಂಗದ ಎಣ್ಣೆ ಚರ್ಮಕ್ಕೆ ಉರಿ, ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ. ಗಾಜಿನ ಬಟ್ಟಲಲ್ಲೇ ಅಳೆಯಿರಿ. ಗಂಧದ ಪುಡಿ, ಏಲಕ್ಕಿ ಪುಡಿ ಹಾಕಬೇಡಿ. ಪುಡಿ ಬತ್ತಿಯನ್ನು ಕಟ್ಟುತ್ತದೆ. ಕೇಕಿಗೆ ಹಾಕುವ ವೆನಿಲಾ ಎಸೆನ್ಸ್ ಮೇಣದಲ್ಲಿ ಬೆರೆಯುವುದೇ ಇಲ್ಲ. ಒಣಗಿದ ಹೂವಿನ ದಳ ಮೇಲೆ ಉದುರಿಸಿದರೆ ಅದೂ ಬತ್ತಿಯಂತೆ ಹತ್ತಿಕೊಳ್ಳುತ್ತದೆ.

ಮೇಣವನ್ನು ಒಲೆಯಿಂದ ಇಳಿಸಿ 65 ಡಿಗ್ರಿಗೆ ಬಂದಾಗ ತೈಲ ಸೇರಿಸಿ. ಅದಕ್ಕಿಂತ ಬಿಸಿ ಇದ್ದರೆ ಮಜ್ಜಿಗೆಹುಲ್ಲಿನ ಪರಿಮಳ ಬೇಗ ಹಾರುತ್ತದೆ. ಎರಡು ನಿಮಿಷ ಸಮಾಧಾನವಾಗಿ ಕಲಕಿ, ಗುಳ್ಳೆ ಏಳದಂತೆ. 60 ಡಿಗ್ರಿಯ ಹತ್ತಿರ ಹೊಯ್ಯಿರಿ, ತಡಮಾಡಿದರೆ ಜೇನುಮೇಣ ಪಾತ್ರೆಯ ಅಂಚಿನಲ್ಲಿ ಹೆಪ್ಪುಗಟ್ಟಲು ಶುರು. ಲೋಟಗಳು ಆ ಹೊತ್ತಿಗೆ ಉಗುರುಬೆಚ್ಚಗಿರಬೇಕು. ಆಷಾಢದ ಒಂದು ಸಂಜೆ ತಣ್ಣನೆಯ ಕಡಪಕಲ್ಲಿನ ಮೇಲೆ ಇಟ್ಟ ಲೋಟಕ್ಕೆ ಹೊಯ್ದಾಗ ಟಣ್ ಎಂದು ತಳ ಬಿರಿಯಿತು. ಆಮೇಲೆ ನಾನು ಮಡಿಸಿದ ಗೋಣಿಯ ಮೇಲೆ ಇಡುತ್ತೇನೆ, ಆರುವ ತನಕ ಫ್ಯಾನ್ ಹಾಕುವುದಿಲ್ಲ. ಮೇಲೆ ಸಣ್ಣ ಗುಳಿ ಬಿದ್ದರೆ ಮರುದಿನ ಒಂದು ಚಮಚ ಮೇಣ ಹೊಯ್ದು ಸರಿಮಾಡಿ. ಸೋಯಾ ಇರುವ ಕಡೆ ಕೆಲವು ದಿನಕ್ಕೆ ಹಿಮದಂಥ ಬಿಳಿ ಗೆರೆ ಮೂಡಿದರೆ ಗಾಬರಿಯಾಗಬೇಡಿ, ಅದು ಮೇಣದ ಸ್ವಭಾವ.

ಆ ದಿನವೇ ಹಚ್ಚುವ ಆತುರ ಬೇಡ. ಮುಚ್ಚಳ ಹಾಕಿ ಎರಡು ವಾರ ಕತ್ತಲಲ್ಲಿಡಿ. ಉಪ್ಪಿನಕಾಯಿಯಂತೆ ಇದಕ್ಕೂ ಕೂಡಿಕೊಳ್ಳಲು ದಿನ ಬೇಕು. ಮೂರನೆಯ ದಿನ ಹಚ್ಚಿದ್ದಕ್ಕೂ ಹದಿನೈದನೆಯ ದಿನ ಹಚ್ಚಿದ್ದಕ್ಕೂ ಇರುವ ವ್ಯತ್ಯಾಸವನ್ನು ಕಣ್ಣು ಕಟ್ಟಿದರೂ ಗುರುತಿಸಬಹುದು.

ಮೊದಲ ಸಲ ಹಚ್ಚಿದಾಗ ಮೇಲ್ಮೈ ಅಂಚಿನ ತನಕ ಪೂರ್ತಿ ಕರಗುವವರೆಗೆ ಆರಿಸಬೇಡಿ, ಐದು ಸೆಂಟಿಮೀಟರ್ ಅಗಲದ ಲೋಟಕ್ಕೆ ಸುಮಾರು ಎರಡು ಗಂಟೆ. ನಡುವೆಯೇ ಆರಿಸಿದರೆ ಮುಂದಿನ ಸಲವೂ ಅಷ್ಟೇ ವೃತ್ತ ಕರಗಿ, ಬತ್ತಿ ಬಾವಿ ತೋಡುತ್ತಾ ಇಳಿಯುತ್ತದೆ. ಪ್ರತಿ ಸಲ ಹಚ್ಚುವ ಮೊದಲು ಬತ್ತಿಯನ್ನು ಐದು ಮಿಲಿಮೀಟರಿಗೆ ಕತ್ತರಿಸಿ. ಜ್ವಾಲೆ ಎತ್ತರವಾಗಿ ಕುಣಿದು ಹೊಗೆ ಬಿಟ್ಟರೆ ಬತ್ತಿ ದಪ್ಪವಾಯಿತು. ಅಂಚಿನಲ್ಲಿ ಮೇಣ ಉಳಿದರೆ ತೆಳುವಾಯಿತು. ನಾಲ್ಕು ಗಂಟೆ ಮೀರಿ ಒಂದೇ ಸಮ ಉರಿಸುವುದು ಬೇಡ, ತಳದಲ್ಲಿ ಒಂದು ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ. ಪರದೆಯ ಹತ್ತಿರ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ.

ಅಟ್ಟದ ಉಂಡೆಯಲ್ಲಿ ಈಗ 280 ಗ್ರಾಂ ಉಳಿದಿದೆ. ಮತ್ತೆ ಸಾಕಿದ ಆರು ಪೆಟ್ಟಿಗೆಗಳಿಂದ ಬರುವ ಹೊಸ ಮೇಣವನ್ನು ಅದರ ಪಕ್ಕದಲ್ಲೇ ಇಡುತ್ತೇನೆ, ಬೆರೆಸುವುದಿಲ್ಲ. ಹಳೆಯದನ್ನು ವರ್ಷಕ್ಕೊಮ್ಮೆ, ದೀಪಾವಳಿಗೆ ಮಾತ್ರ ಮುಟ್ಟುತ್ತೇನೆ. ಮೊದಲ ಬತ್ತಿಯನ್ನು ಮಾವನೇ ಹಚ್ಚುತ್ತಾರೆ.

ಕೊನೆಗೆ ಪಾತ್ರೆ ತೊಳೆಯುವುದು. ಮೇಣ ಅಂಟಿದ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಬಿಸಿ ಇರುವಾಗಲೇ ಹಳೆಯ ಪತ್ರಿಕೆಯಿಂದ ಒರೆಸಿ, ಆಮೇಲೆ ಸೀಗೆಪುಡಿ ಹಾಕಿ ತೊಳೆಯಿರಿ. ಆ ಮೇಣದ ಕಾಗದವನ್ನು ಎಸೆಯಬೇಡಿ. ನಾವು ಡಬ್ಬದಲ್ಲಿ ತುಂಬಿಟ್ಟು, ಸೌದೆ ಒದ್ದೆಯಾದ ಮಳೆಗಾಲದ ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸುತ್ತೇವೆ. ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ, ಬಚ್ಚಲೆಲ್ಲ ಲಾವಂಚ.