ಬೈಬಲ್‌ನ ವಿಷದ ಹಾವುಗಳು: ನಮ್ಮ ಸಭೆಯಲ್ಲಿ ನಾನು ಓದಿಸಿದ ಬಗೆ

ಬೈಬಲ್‌ನಲ್ಲಿ ಹಾವು ಬಂತು ಅಂದರೆ ಸೈತಾನ ಬಂದ ಅಂತಲೇ ಓದುವ ರೂಢಿ ನಮ್ಮಲ್ಲಿ ಜಾಸ್ತಿ. ಆದಿಕಾಂಡದ ಮೂರನೇ ಅಧ್ಯಾಯ ಎಲ್ಲರಿಗೂ ಬಾಯಿಪಾಠ. ಮುಂದೆ ಎಲ್ಲೇ ಹಾವು ಕಂಡರೂ ಏದೆನ್ ತೋಟದ ಹಾವನ್ನೇ ತಂದು ಅಲ್ಲಿ ಕೂರಿಸಿಬಿಡುತ್ತೇವೆ. ಗದಗ ಸೀಮೆಯ ಒಂದು ಹಳ್ಳಿಯ ಸಭೆಯಲ್ಲಿ ವಾರಕ್ಕೊಂದು ಸಂಜೆ ಬೈಬಲ್ ಅಧ್ಯಯನ ನಡೆಸುವವನು ನಾನು. ಬರುವವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ಹಾವಿನ ಜೊತೆಯಲ್ಲೇ ಬಾಳಿದವರು. ಅವರ ಮುಂದೆ ಈ ವಿಷಯ ಎತ್ತಿಕೊಂಡಾಗ ಒಂದೇ ನಿಯಮ ಇಟ್ಟುಕೊಂಡೆ. ಮೊದಲು ಹಾವನ್ನು ಹಾವಾಗಿಯೇ ನೋಡೋಣ, ಅರ್ಥ ಆಮೇಲೆ.

ತಯಾರಿಗೆ ಒಂದು ನೋಟ್‌ಬುಕ್ ಸಾಕಾಯಿತು. ಹಾವು ಬರುವ ವಾಕ್ಯಗಳನ್ನು ಕೈಯಲ್ಲೇ ಬರೆದುಕೊಂಡೆ. ಪ್ರತಿ ವಾಕ್ಯದ ಪಕ್ಕದಲ್ಲಿ ಹಾವು ಅಲ್ಲಿ ಏನು ಮಾಡುತ್ತಿದೆ ಅಂತ ಒಂದೆರಡು ಮಾತು ಬರೆದೆ. ದಾರಿ ಬದಿಯಲ್ಲಿ ಅಡಗಿದೆ. ಗೋಡೆಯಿಂದ ಕಚ್ಚಿದೆ. ಮೊಟ್ಟೆ ಇಟ್ಟಿದೆ. ಹಾವಾಡಿಗನ ಮಾತಿಗೆ ಕಿವಿ ಮುಚ್ಚಿಕೊಂಡಿದೆ. ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಂಡಿತು. ಈ ವಾಕ್ಯಗಳನ್ನು ಬರೆದವರು ಹಾವನ್ನು ಕಣ್ಣಾರೆ ನೋಡಿದವರು. ಅವರು ಕೊಡುವ ಅರ್ಥ ಹಾವಿನ ನಡವಳಿಕೆಯಿಂದಲೇ ಹುಟ್ಟಿದೆ.

ಆ ನಾಡಿನ ಹಾವುಗಳ ಬಗ್ಗೆಯೂ ಓದಿಕೊಂಡೆ. ಇಸ್ರೇಲಿನ ಹೊಲ, ಕಲ್ಲುಗುಡ್ಡೆಗಳಲ್ಲಿ ಪ್ಯಾಲೆಸ್ತೀನ್ ಮಂಡಲ ಅನ್ನುವ ಹಾವಿದೆ. ಅದು ನಮ್ಮ ಕೊಳಕು ಮಂಡಲದ ಹತ್ತಿರದ ಸಂಬಂಧಿ. ಮರುಭೂಮಿಯ ಕಡೆ ನಮ್ಮ ಗರಗಸ ಮಂಡಲದ ಬಳಗದ ಹಾವು ಸಿಗುತ್ತದೆ. ಮರಳಿನಲ್ಲಿ ಮೈ ಹೂತುಕೊಂಡು ಕಣ್ಣು, ಕೊಂಬು ಮಾತ್ರ ಹೊರಗಿಡುವ ಕೊಂಬಿನ ಮಂಡಲವೂ ಇದೆ. ಈಜಿಪ್ಟಿನ ನಾಗರ ಬೇರೆ. ಈ ಓದು ಸುಮ್ನೆ ಹೋಗಲಿಲ್ಲ. ಯೆಶಾಯ 59ರಲ್ಲಿ ದುಷ್ಟರು ವಿಷದ ಹಾವಿನ ಮೊಟ್ಟೆಗೆ ಕಾವು ಕೊಡುತ್ತಾರೆ ಅನ್ನುವ ಮಾತಿದೆ. "ಕೊಳಕ ಮಂಡಲ ಮರೀನ ಹಾಕ್ತೈತಲ್ಲರೀ, ತತ್ತಿ ಎಲ್ಲಿಂದ ಬಂತು?" ಅಂತ ನಮ್ಮ ಹಿರಿಯರೊಬ್ಬರು ಕೇಳಿಯೇಬಿಟ್ಟರು. ಒಳ್ಳೆ ಪ್ರಶ್ನೆ ಅಲ್ವಾ? ನಮ್ಮ ಕೊಳಕು ಮಂಡಲ ಮರಿ ಹಾಕುವುದು ನಿಜ. ಆ ನಾಡಿನ ಮಂಡಲ ಮೊಟ್ಟೆ ಇಡುತ್ತದೆ.

ಮೊದಲ ಸಂಜೆ ಅಡಗಿರುವ ಹಾವುಗಳನ್ನು ತೆಗೆದುಕೊಂಡೆವು. ಸಾಯುವ ಮುಂಚೆ ಯಾಕೋಬನು ಮಕ್ಕಳನ್ನು ಹರಸುವಾಗ ದಾನನನ್ನು ದಾರಿ ಬದಿಯ ಹಾವು ಎನ್ನುತ್ತಾನೆ. ಕುದುರೆಯ ಹಿಮ್ಮಡಿ ಕಚ್ಚಿ ಸವಾರನನ್ನು ಹಿಂದಕ್ಕೆ ಬೀಳಿಸುವ ಹಾವು ಅದು. ಮರಳಲ್ಲಿ ಹೂತುಕೊಂಡ ಕೊಂಬಿನ ಮಂಡಲದ ಚಿತ್ರ ತೋರಿಸಿದ ಮೇಲೆ ಹೆಚ್ಚು ವಿವರಿಸಬೇಕಾಗಲಿಲ್ಲ. ಚಿಕ್ಕ ಕುಲವಾದರೂ ದೊಡ್ಡ ಸೈನ್ಯವನ್ನು ಕೆಡವಬಲ್ಲದು ಅನ್ನುವ ಹೊಗಳಿಕೆ ಇಲ್ಲಿದೆ. ಹಾವಿಗೆ ಹೋಲಿಸಿದರೂ ಇದು ಬೈಗುಳ ಅಲ್ಲ. ಗೋಡೆ ಒಡೆಯುವವನನ್ನು ಹಾವು ಕಚ್ಚೀತು ಅನ್ನುತ್ತದೆ ಪ್ರಸಂಗಿ 10. ಆಮೋಸ 5ರಲ್ಲಿ ಒಬ್ಬ ಸಿಂಹದಿಂದ ತಪ್ಪಿಸಿಕೊಂಡರೆ ಕರಡಿ ಎದುರಾಗುತ್ತದೆ, ಮನೆಗೆ ಬಂದು ಗೋಡೆಗೆ ಕೈಯಿಟ್ಟರೆ ಹಾವು ಕಚ್ಚುತ್ತದೆ. "ಗ್ವಾಡಿ ಸಂದ್ಯಾಗ ಕೈ ಇಡಬ್ಯಾಡ ಅಂತ ನಮ್ಮವ್ವ ದಿನಾ ಬಡ್ಕೊಂತಿದ್ಲು" ಅಂದರು ಒಬ್ಬ ಅಕ್ಕ. ಆಮೋಸನು ಕುರುಬ. ಕಲ್ಲುಗೋಡೆಯ ಸಂದಿನಲ್ಲಿ ಏನಿರುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಡವರನ್ನು ತುಳಿದು, ಹಬ್ಬ ಮಾಡಿ ಹಾಡು ಹಾಡಿದರೆ ತಪ್ಪಿಸಿಕೊಳ್ಳಬಹುದು ಅಂದುಕೊಂಡವರಿಗೆ ಅವನು ಹೇಳಿದ ಮಾತು ಅದು.

ನನಗೆ ತುಂಬಾ ಹಿಡಿಸಿದ್ದು ನಾಲಿಗೆಯ ಸಂಜೆ. ಕೀರ್ತನೆ 140ರಲ್ಲಿ ಕೆಟ್ಟವರ ತುಟಿಗಳ ಕೆಳಗೆ ಹಾವಿನ ವಿಷ ಇದೆ ಎನ್ನುತ್ತಾರೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿ ಇದನ್ನೇ ಎತ್ತಿ ಹೇಳುತ್ತಾನೆ. ಹಾವಿನ ವಿಷ ಸೀಳುನಾಲಿಗೆಯಲ್ಲಿ ಇರುವುದಿಲ್ಲ. ಅದು ನಾಲಿಗೆ ಚಾಚುವುದು ವಾಸನೆ ಹಿಡಿಯಲು. ವಿಷದ ಚೀಲಗಳು ಕಣ್ಣಿನ ಹಿಂದೆ, ಮೇಲಿನ ದವಡೆಯ ಬದಿಗಿವೆ. ಮಂಡಲದ ಹಲ್ಲು ಉದ್ದ, ಒಳಗೆ ಟೊಳ್ಳು. ಬಾಯಿ ಮುಚ್ಚಿದಾಗ ಮಡಚಿಕೊಂಡು ಅಂಗುಳಕ್ಕೆ ಒರಗಿರುತ್ತದೆ, ಬಾಯಿ ತೆರೆದು ಎರಗುವಾಗ ಮುಂದಕ್ಕೆ ನೆಟ್ಟಗಾಗುತ್ತದೆ. ಅಂದರೆ ತುಟಿ ಮುಚ್ಚಿದ್ದಾಗ ಏನೂ ಕಾಣುವುದಿಲ್ಲ. ಮೊಬೈಲ್‌ನಲ್ಲಿ ಹಲ್ಲಿನ ಚಿತ್ರ ದೊಡ್ಡದು ಮಾಡಿ ಎಲ್ಲರ ಕೈಗೂ ಕೊಟ್ಟೆ. ಆಮೇಲೆ ವಾಕ್ಯವನ್ನು ಮತ್ತೊಮ್ಮೆ ಓದಿಸಿದೆ. ನಗುತ್ತಾ ಮಾತಾಡುವವರ ತುಟಿಯ ಕೆಳಗೆ ಮಡಚಿಟ್ಟ ಚಾಡಿ, ಸುಳ್ಳುಸಾಕ್ಷಿ. ಹೊಲದ ಜಗಳದಲ್ಲಿ ಕೋರ್ಟು ಕಂಡವರು ನಮ್ಮಲ್ಲಿದ್ದಾರೆ. ಅವರು ತುಂಬಾ ಹೊತ್ತು ಮಾತಾಡಿದರು.

ಕೀರ್ತನೆ 58 ಇದರ ಜೊತೆಗೇ ಬರಬೇಕು. ಅಲ್ಲಿನ ನಾಗರ ಹಾವಾಡಿಗನ ಸ್ವರ ಕೇಳದೆ ಕಿವಿ ಮುಚ್ಚಿಕೊಳ್ಳುತ್ತದೆ. ಹೋಲಿಕೆಯ ಗುರಿ ಅನ್ಯಾಯದ ತೀರ್ಪು ಕೊಡುವ ಅಧಿಕಾರಸ್ಥರು. ಯಾರ ಗೋಳೂ ಅವರ ಕಿವಿಗೆ ಬೀಳುವುದಿಲ್ಲ. ಸ್ನಾನಿಕನಾದ ಯೋಹಾನ ಆ ಕಾಲದ ಧರ್ಮಮುಖಂಡರಾದ ಫರಿಸಾಯರನ್ನೂ ಸದ್ದುಕಾಯರನ್ನೂ ಸರ್ಪಜಾತಿಯವರು ಅಂತ ಕರೆದಾಗಲೂ ಪಾಪಿಗಳನ್ನೆಲ್ಲ ಸೇರಿಸಿ ಬೈಯುತ್ತಿಲ್ಲ. ಮೇಲೆ ಕೂತವರಿಗೆ ಹೇಳುತ್ತಿದ್ದಾನೆ. ವಿಷದ ಹಾವಿನ ಮಾತು ಬೈಬಲ್‌ನಲ್ಲಿ ಬಡವರ ಮೇಲೆ ಬೀಳುವುದು ಕಡಿಮೆ, ಬಲಾಢ್ಯರ ಮೇಲೆ ಬೀಳುವುದೇ ಹೆಚ್ಚು. ಇದನ್ನು ನಾನು ಪ್ರತಿ ಸಲ ಒತ್ತಿ ಹೇಳುತ್ತೇನೆ.

ಮೋಶೆಯ ಕೋಲು ಹಾವಾದ ಕಥೆಯನ್ನು ಬೇಗ ಮುಗಿಸಿದೆವು. ಆದರೂ ಒಂದು ಮಾತು ಹೇಳಬೇಕು. ದೇವರು ಅವನಿಗೆ ಹಾವಿನ ಬಾಲ ಹಿಡಿ ಎನ್ನುತ್ತಾನೆ. ಬಾಲ ಹಿಡಿದರೆ ತಲೆ ತಿರುಗಿಸಿ ಕಚ್ಚುತ್ತದೆ ಅಂತ ಹಾವು ಬಲ್ಲವರಿಗೆಲ್ಲ ಗೊತ್ತು. ಇತ್ತ ಈಜಿಪ್ಟಿನ ಅರಸ ಫರೋಹನ ಕಿರೀಟದ ಹಣೆಯಲ್ಲಿ ಹೆಡೆ ಎತ್ತಿದ ನಾಗರವೇ ರಾಜಮುದ್ರೆ. ಮೋಶೆ ಯಾರ ಎದುರು ನಿಲ್ಲಬೇಕಿತ್ತೋ ಅವನ ಗುರುತನ್ನೇ ಮೊದಲು ಕೈಯಲ್ಲಿ ಹಿಡಿದ.

ಅರಣ್ಯಕಾಂಡ 21ಕ್ಕೆ ಒಂದು ಸಂಜೆ ಸಾಲಲಿಲ್ಲ. ಮೋಶೆಯ ಹಿಂದೆ ಹೊರಟ ಇಸ್ರೇಲ್ ಜನರು ಎದೋಮ್ ನಾಡನ್ನು ಸುತ್ತಿಕೊಂಡು ಹೋಗುವಾಗ ದಾರಿಯಲ್ಲಿ ಬೇಸತ್ತು ಗುಣುಗುತ್ತಾರೆ, ದೇವರು ಕೊಡುತ್ತಿದ್ದ ಆಹಾರವಾದ ಮನ್ನವನ್ನು ನಿಸ್ಸಾರ ಎಂದು ಹೀಗಳೆಯುತ್ತಾರೆ. ಉರಿಯುವ ವಿಷದ ಹಾವುಗಳು ಬರುತ್ತವೆ. ಹಾವುಗಳನ್ನು ತೊಲಗಿಸು ಅಂತ ಪ್ರಾರ್ಥಿಸು ಎಂದು ಜನ ಮೋಶೆಯನ್ನು ಬೇಡುತ್ತಾರೆ. ಇಲ್ಲಿ ನಿಧಾನವಾಗಿ ಓದಿಸಿದೆ. ದೇವರು ಹಾವುಗಳನ್ನು ತೆಗೆದನು ಅಂತ ಅಲ್ಲಿ ಬರೆದಿಲ್ಲ. ಕಂಬದ ಮೇಲೆ ತಾಮ್ರದ ಹಾವು ಏರಿತು, ಕಚ್ಚಿಸಿಕೊಂಡವರು ಅದನ್ನು ನೋಡಿ ಬದುಕಿದರು. ನೆಲದ ಮೇಲೆ ಹಾವು ಇದ್ದೇ ಇತ್ತು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಮಗಳ ಕಾಯಿಲೆಗೆ ವರ್ಷಗಟ್ಟಲೆ ಪ್ರಾರ್ಥಿಸಿದ ತಾಯಿಯೊಬ್ಬರು ಅವತ್ತು ನಮ್ಮ ನಡುವೆ ಇದ್ದರು. ಅವರ ಎದುರು ಈ ಭಾಗವನ್ನು ಹಗುರವಾಗಿ ದಾಟಿ ಹೋಗಲು ನನಗೆ ಮನಸ್ಸು ಬರಲಿಲ್ಲ.

ತಾಮ್ರವೂ ಆ ನೆಲದ್ದೇ. ಆ ಸೀಮೆಯ ತಿಮ್ನಾ ಕಣಿವೆಯಲ್ಲಿ ಹಳೆಯ ಕಾಲದ ತಾಮ್ರದ ಗಣಿಗಳಿವೆ. 1969ರಲ್ಲಿ ಬೆನೊ ರೋಥೆನ್‌ಬರ್ಗ್ ಅವರ ಉತ್ಖನನದಲ್ಲಿ ಅಲ್ಲಿನ ಒಂದು ಗುಡಿಯಲ್ಲಿ ತಾಮ್ರದ ಹಾವು ಸಿಕ್ಕಿತು. ಸುಮಾರು 12 ಸೆಂಟಿಮೀಟರ್ ಉದ್ದ, ತಲೆಗೆ ಚಿನ್ನದ ಲೇಪ. ಅದು ಮೋಶೆಯ ಹಾವು ಅಂತ ಯಾರೂ ತಿಳಿಯಬಾರದು ಎಂದು ಮೊದಲೇ ಹೇಳಿದೆ. ಆ ಕಾಲದ ಜನ ತಾಮ್ರದಲ್ಲಿ ಹಾವು ಮಾಡುತ್ತಿದ್ದರು ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿ.

ಈ ಕಥೆಯನ್ನು ಎರಡನೇ ಅರಸುಗಳು 18ರ ತನಕ ಓದಲೇಬೇಕು. ಜನ ಆ ತಾಮ್ರದ ಹಾವಿಗೆ ಧೂಪ ಹಾಕುತ್ತಿದ್ದರು. ಅರಸ ಹಿಜ್ಕೀಯ ಅದನ್ನು ಚೂರುಚೂರು ಮಾಡಿಸಿದ. ನಮ್ಮ ಕಡೆ ನಾಗರ ಪಂಚಮಿ ದೊಡ್ಡ ಹಬ್ಬ. ಜೋಕಾಲಿ ಕಟ್ಟುತ್ತಾರೆ, ನೆರೆಮನೆಯವರು ಉಂಡಿ ಕೊಟ್ಟು ಕಳಿಸುತ್ತಾರೆ. ಯುವಕನೊಬ್ಬ ಈ ವಾಕ್ಯವನ್ನು ಆ ಹಬ್ಬದ ಮೇಲೆ ತಿರುಗಿಸಲು ಹೋದ. ನಾನು ಅಲ್ಲೇ ತಡೆದೆ. ಆ ವಾಕ್ಯದಲ್ಲಿ ಚೂರಾದದ್ದು ನೆರೆಯವರ ಹಾವಲ್ಲ. ತನ್ನದೇ ಜನ, ತನ್ನದೇ ಮೋಶೆ, ದೇವರೇ ಹೇಳಿ ಮಾಡಿಸಿದ ವಸ್ತು. ನಮ್ಮ ಸಭೆಯಲ್ಲಿ ನಾವು ಯಾವುದಕ್ಕೆ ಧೂಪ ಹಾಕುತ್ತಿದ್ದೇವೆ ಅಂತ ಕೇಳಿಕೊಳ್ಳುವ ವಾಕ್ಯ ಇದು. ಕಥೋಲಿಕರ ಬೈಬಲ್‌ನಲ್ಲಿರುವ ಜ್ಞಾನಗ್ರಂಥದ 16ನೇ ಅಧ್ಯಾಯವೂ ಇದನ್ನೇ ಬಿಡಿಸಿ ಹೇಳುತ್ತದೆ. ಅದರ ಕಡೆ ತಿರುಗಿದವರನ್ನು ಉಳಿಸಿದ್ದು ಕಣ್ಣಿಗೆ ಕಂಡ ವಸ್ತುವಲ್ಲ, ದೇವರು. ಇಷ್ಟೆಲ್ಲ ಆದ ಮೇಲೆ ಯೋಹಾನ 3 ತೆರೆದರೆ ಯೇಸು ನಿಕೊದೇಮನಿಗೆ ಹೇಳಿದ ಮಾತು ಬೇರೆ ತೂಕದಲ್ಲಿ ಕೇಳುತ್ತದೆ. ಮೋಶೆ ಹಾವನ್ನು ಎತ್ತರಕ್ಕೆ ಏರಿಸಿದಂತೆ ಮನುಷ್ಯಕುಮಾರನೂ ಏರಿಸಲ್ಪಡಬೇಕು. ಯೇಸು ತನ್ನನ್ನು ಹೋಲಿಸಿಕೊಂಡದ್ದು ಹಾವಿನ ರೂಪಕ್ಕೆ! ಹಾವು ಅಂದರೆ ಸೈತಾನ ಅಷ್ಟೇ ಅಂತ ಹಿಡಿದುಕೊಂಡವರು ಇಲ್ಲಿ ನಿಲ್ಲಲೇಬೇಕು.

ಪೌಲನ ಹಾವು ಎಲ್ಲರಿಗೂ ಇಷ್ಟ. ಹಡಗು ಒಡೆದು ಮೆಲೀತೆ ದ್ವೀಪ, ಅಂದರೆ ಇವತ್ತಿನ ಮಾಲ್ಟಾ ಸೇರಿದ ಮೇಲೆ ಅವನು ಕಟ್ಟಿಗೆ ಆರಿಸಿ ಬೆಂಕಿಗೆ ಹಾಕುತ್ತಾನೆ. ಕಾವಿಗೆ ಹಾವು ಹೊರಬಂದು ಕೈಗೆ ಸುತ್ತಿಕೊಳ್ಳುತ್ತದೆ. ಇವನು ಕೊಲೆಗಾರನೇ ಇರಬೇಕು ಅನ್ನುತ್ತಾರೆ ಜನ. ಏನೂ ಆಗದಿದ್ದಾಗ ದೇವರೇ ಇರಬೇಕು ಅನ್ನುತ್ತಾರೆ. ಕಟ್ಟಿಗೆ ಹೊರೆಯಲ್ಲಿ ಹಾವು ಇರುವುದು ನಮ್ಮವರಿಗೆ ಹೊಸದಲ್ಲ. ಹಾವು ಕಚ್ಚಿದರೆ ಪಾಪದ ಫಲ ಅಂತ ಮಾತಾಡುವವರೂ ಹೊಸಬರಲ್ಲ. ಆ ಮಾತು ತಪ್ಪು ಅಂತ ಅಪೊಸ್ತಲರ ಕೃತ್ಯಗಳು 28 ತೋರಿಸುತ್ತದೆ.

ಇಲ್ಲಿ ಮಾರ್ಕ 16ರ ಪ್ರಶ್ನೆ ಬಂದೇ ಬರುತ್ತದೆ. ನಂಬಿದವರು ಹಾವುಗಳನ್ನು ಎತ್ತುವರು ಅಂತಿದೆಯಲ್ಲ? ಅಮೆರಿಕದ ಬೆಟ್ಟಸೀಮೆಯಲ್ಲಿ ಇದನ್ನೇ ಹಿಡಿದು ಆರಾಧನೆಯಲ್ಲಿ ವಿಷದ ಹಾವು ಎತ್ತುವ ಪದ್ಧತಿ ಬೆಳೆಯಿತು. ಅದನ್ನು ಹರಡಿದ ಜಾರ್ಜ್ ಹೆನ್ಸ್‌ಲಿ 1955ರಲ್ಲಿ ಹಾವು ಕಚ್ಚಿಯೇ ತೀರಿಕೊಂಡರು. ಮಾರ್ಕನ ಅತಿ ಹಳೆಯ ಎರಡು ಪೂರ್ಣ ಪ್ರತಿಗಳಲ್ಲಿ ಆ ಕೊನೆಯ ವಾಕ್ಯಗಳೇ ಇಲ್ಲ. ಪೌಲನು ಹಾವನ್ನು ಹುಡುಕಿಕೊಂಡು ಹೋಗಲಿಲ್ಲ, ಬಂದದ್ದನ್ನು ಝಾಡಿಸಿ ಬೆಂಕಿಗೆ ಹಾಕಿದ. ಇನ್ನೊಂದು ಕಡೆಯೂ ಇದು ಕಾಣುತ್ತದೆ. ಮತ್ತಾಯ 4ರಲ್ಲಿ ಶೋಧಕನು, ಅಂದರೆ ಸೈತಾನನು, ಯೇಸುವಿಗೆ ಕೀರ್ತನೆ 91ರ 11, 12ನೇ ವಾಕ್ಯ ಹೇಳಿ ಗೋಪುರದಿಂದ ಧುಮುಕು ಎನ್ನುತ್ತಾನೆ. ಸಿಂಹವನ್ನೂ ಸರ್ಪವನ್ನೂ ತುಳಿಯುವಿ ಅನ್ನುವುದು ಅದರ ಮರುವಾಕ್ಯ, 13ನೆಯದು. ಅದನ್ನು ಅವನು ಹೇಳುವುದಿಲ್ಲ. ಯೇಸು ದೇವರನ್ನು ಪರೀಕ್ಷಿಸಲು ಒಪ್ಪಲಿಲ್ಲ, ನಾವೂ ಒಪ್ಪಬಾರದು. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೈಕಾಲು ಅಲುಗಾಡಿಸದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ನಮ್ಮ ದೇಶದ ಪ್ರತಿವಿಷದ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೆಲಸ ಮಾಡುತ್ತದೆ. ಪ್ರಾರ್ಥನೆ ಗಾಡಿಯಲ್ಲಿ ಕೂತೇ ಮಾಡಬಹುದು. ಇದನ್ನು ಹೇಳದೆ ನಾನು ಯಾವತ್ತೂ ಆ ಸಂಜೆಯನ್ನು ಮುಗಿಸುವುದಿಲ್ಲ.

ಆದಿಕಾಂಡ 3ನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಅಷ್ಟು ಹೊತ್ತಿಗೆ ಜನ ತಾವೇ ಹಾವನ್ನು ಗಮನಿಸುವುದು ಕಲಿತಿದ್ದರು. ಹಿಮ್ಮಡಿ ಅನ್ನುವ ಮಾತು ಬಂದ ಕೂಡಲೇ ದಾನನ ಹಾವನ್ನು ನೆನಪಿಸಿದರು. ಇಲ್ಲಿ ಹಾವು ಕಚ್ಚಿ ಕೊಲ್ಲುವುದಿಲ್ಲ, ಮಾತಾಡಿ ಕೆಡಿಸುತ್ತದೆ ಅಂದರು ಒಬ್ಬರು. ಕೀರ್ತನೆ 140ರ ತುಟಿಯನ್ನು ಅದಕ್ಕೆ ಜೋಡಿಸಿದರು ಇನ್ನೊಬ್ಬರು. ಆ ಅಧ್ಯಾಯದಲ್ಲಿ ಸೈತಾನ ಅನ್ನುವ ಹೆಸರೇ ಇಲ್ಲವಲ್ಲ ಅಂತ ಶಾಲೆ ಹುಡುಗಿಯೊಬ್ಬಳು ಕೇಳಿದಳು. ಆ ಹೆಸರನ್ನು ಪುರಾತನ ಸರ್ಪಕ್ಕೆ ನೇರವಾಗಿ ಕೊಡುವುದು ಪ್ರಕಟನೆ 12. ಮುಂದಿನ ವಾರ ಅದನ್ನೇ ತೆಗೆದುಕೊಂಡೆವು.